ಶಾಂಭವಿಯ ನೀರಡಿಕೆ

ಕೊಪ್ಪಳ
ಜುಲೈ ೧೦, ೨೦೨೫

ಪೂಜ್ಯ ಅತ್ತೆಮ್ಮನವರಿಗೆ ಪಂಪಾವತಿಯ ನಮಸ್ಕಾರಗಳು.

ನಿಮ್ಮ ಮೊಣಕಾಲು ನೋವು ಹೇಗಿದೆ? ಮೋಡ ಕವಿದರೆ ಕಾಲು ಮಡಚಲು ಆಗುವುದಿಲ್ಲವಂತೆ, ಶಿವಲೀಲಕ್ಕ ಹೇಳಿದರು. ಎಣ್ಣೆ ತಿಕ್ಕಿಸಿಕೊಳ್ಳಲು ಸಂಕೋಚ ಬೇಡ, ಮಗಳ ಮನೆಯೇ ಅಲ್ಲವೇ. ಫೋನ್ ಮಾಡಿದರೆ ನನ್ನ ದನಿ ಕೇಳುತ್ತಲೇ ನೀವು ಅಕ್ಕನ ಕೈಗೆ ಕೊಟ್ಟುಬಿಡುತ್ತೀರಿ, ಅದಕ್ಕೆ ಈ ಕಾಗದ. ನಾಳೆ ನಿಮ್ಮ ಮಗ ಹನುಮಸಾಗರಕ್ಕೆ ತಂದು ಕೊಡುತ್ತಾರೆ. ಅಕ್ಕನ ಕಡೆಯಿಂದ ಓದಿಸಿಕೊಳ್ಳಿರಿ.

ನಿಮ್ಮ ಮೊಮ್ಮಗಳು ಶಾಂಭವಿಗೆ ಸ್ವಲ್ಪ ಆರಾಮಿಲ್ಲ ಎಂದು ನಿಮ್ಮ ಮಗ ನಿಮಗೆ ಹೇಳಿದ್ದಾರೆ. ಸ್ವಲ್ಪ ಅಲ್ಲ. ಸೋಮವಾರದಿಂದ ಇಲ್ಲಿ ಕೊಪ್ಪಳದ ಆಸ್ಪತ್ರೆಯಲ್ಲಿದ್ದೇವೆ. ಈಗ ಹುಡುಗಿ ಎದ್ದು ಕೂರುತ್ತಿದ್ದಾಳೆ, ಗಾಬರಿಯಾಗಬೇಡಿರಿ. ಅವಳ ಮಂಚದ ಕಾಲಬುಡದಲ್ಲಿ ಕೂತು ಬರೆಯುತ್ತಿದ್ದೇನೆ. ಸರಿಯಾಗಿ ನಿದ್ದೆಯಿಲ್ಲ, ಅಕ್ಷರ ಸೊಟ್ಟಗಾದರೆ ಮನ್ನಿಸಿರಿ.

ಹುಡುಗಿ ಊಟಕ್ಕೆ ಕೂತಾಗಲೂ ಫೋನ್ ಬಿಡುವುದಿಲ್ಲವೆಂದು ನೀವು ಅದನ್ನು ಕಸಿದು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದು, ಅವಳು ಉಪವಾಸ ಕೂತಳೆಂದು ನಾನು ತೆಗೆದು ಕೊಟ್ಟಿದ್ದು, ನೀವು ಸಿಟ್ಟಾಗಿ ಚೀಲ ಹಿಡಿದು ಅಕ್ಕನ ಮನೆಗೆ ಹೊರಟಿದ್ದು, ಅದನ್ನೆಲ್ಲ ಮತ್ತೆ ಕೆದಕುವುದಿಲ್ಲ. ಆಮೇಲೆ ಸಾಲಿ ಶುರುವಾಯಿತು. ಹತ್ತನೆಯ ಇಯತ್ತೆ, ಬರೆಯುವ ಪಾಠವೂ ಫೋನಿನಲ್ಲೇ ಬರುತ್ತದೆ, ಬೇಡವೆನ್ನುವುದು ಹೇಗೆ? ಸಾಲಿ ಬಿಟ್ಟ ಮೇಲೆ ಗೆಳತಿ ಮೆಹರಾಜಳ ಜೊತೆ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ತಂಪು ಬಾಟಲಿ ಕುಡಿಯುವುದು ಮೊದಲಿನಿಂದಲೂ ಇತ್ತು. ಆದರೆ ಈಚೆಗೆ ದೊಡ್ಡ ಬಾಟಲಿಯನ್ನೇ ಮನೆಗೆ ತಂದು ಮಂಚದ ಕೆಳಗೆ ಇಡತೊಡಗಿದಳು. ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಬಾಟಲಿ. ಅವರು ಬೈದರು, ನಾನು ಬೈದೆ. ಹುಡುಗಿ ಒಣಗುತ್ತಾ ಬಂದಳು, ಸಾಲಿಯ ಚೂಡಿದಾರ ಹೆಗಲ ಮೇಲೆ ನಿಲ್ಲದಾಯಿತು. ಫೋನ್ ನೋಡಿ ನೋಡಿ ನಿದ್ದೆಗೆಟ್ಟು ಹೀಗಾಗಿದ್ದಾಳೆ ಎಂದುಕೊಂಡೆವು. ಬಾಟಲಿ ಕಸಿದುಕೊಂಡ ದಿನ ಅವಳು ಜಗಳವಾಡಲಿಲ್ಲ, ಅಡುಗೆಮನೆಯ ಕೊಡದ ಮುಂದೆ ಕೂತು ಚರಿಗೆಗಟ್ಟಲೆ ನೀರು ಕುಡಿದಳು. “ಯವ್ವಾ, ನೀರಡಿಕಿ ಭಾಳ ಆಗತೈತಿ. ಎಷ್ಟ ಕುಡದ್ರೂ ಹೋಗವಲ್ದು,” ಅಂದಳು. ಸಿಹಿ ಕುಡಿದು ಕಲಿತ ಬಾಯಿ, ಬಿಟ್ಟರೆ ಸರಿಹೋಗುತ್ತದೆ ಅಂದೆ.

ಸೋಮವಾರ ಸಾಲಿಯಲ್ಲಿ ವಾಂತಿ ಮಾಡಿಕೊಂಡು ಬಿದ್ದಳು. ನಾವು ಹೋಗುವ ಹೊತ್ತಿಗೆ ಮಾತಿಲ್ಲ, ಉಸಿರು ತಿದಿ ಒತ್ತಿದ ಹಾಗೆ, ಬಾಯಿಂದ ಹಣ್ಣು ಕೊಳೆತಂಥ ವಾಸನೆ. ಕುಷ್ಟಗಿಯ ಡಾಕ್ಟರರು ಬೆರಳು ಚುಚ್ಚಿ ನೋಡಿದವರೇ ಅಂಬ್ಯುಲೆನ್ಸ್ ಕರೆಸಿದರು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಹುಡುಗಿ ಕೈಬಿಟ್ಟು ಹೋದಳೆಂದೇ ತಿಳಿದಿದ್ದೆ.

ಸಕ್ಕರೆ ಕಾಯಿಲೆಯಂತೆ ಅತ್ತೆಮ್ಮ, ಈ ವಯಸ್ಸಿಗೆ. ಇಲ್ಲಿಯ ಡಾಕ್ಟರಮ್ಮನನ್ನು ನಿಮ್ಮ ಮಗ ನೇರವಾಗಿ ಕೇಳಿದರು, ಫೋನು, ಬಾಟಲಿಯಿಂದ ಬಂತೇನು ಎಂದು. ಅಲ್ಲವಂತೆ. ಸಕ್ಕರೆ ಕರಗಿಸುವ ರಸ ಮೈಯಲ್ಲಿ ತಾನಾಗಿಯೇ ನಿಂತುಹೋಗಿದೆ, ಅದು ಯಾರ ತಪ್ಪೂ ಅಲ್ಲ. ಆ ನೀರಡಿಕೆ ಕಾಯಿಲೆಯದ್ದು. ಅದನ್ನು ಆರಿಸಿಕೊಳ್ಳಲು ಹುಡುಗಿ ಸಿಹಿಯನ್ನೇ ಸುರಿದುಕೊಂಡಳು, ಅದರಿಂದ ಬೇಗ ಜೋರಾಯಿತು. ಇನ್ನು ಮೇಲೆ ದಿನಾ ಇಂಜೆಕ್ಷನ್, ಜೀವ ಇರುವವರೆಗೂ. ಇದನ್ನು ಕೇಳಿ ಅವರು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತುಬಿಟ್ಟರು. ನಾನೇ ಹೋಗಿ ಕರೆತಂದೆ.

ಇಂಜೆಕ್ಷನ್ ಚುಚ್ಚಲು ನನ್ನಿಂದ ಆಗಲಿಲ್ಲ. ಅವಳೇ ನರ್ಸ್ ಹತ್ತಿರ ಕಲಿತು, ಫೋನಿನಲ್ಲಿ ವಿಡಿಯೋ ಹಾಕಿಕೊಂಡು ನೋಡಿ, ಇವತ್ತು ಬೆಳಗ್ಗೆ ಹೊಟ್ಟೆಗೆ ತಾನೇ ಚುಚ್ಚಿಕೊಂಡಳು. ನನಗೇ ಸಮಾಧಾನ ಹೇಳಿದಳು. “ಸಾಕು ಬಿಡ್ಬೇ, ಇರವಿ ಕಡದಂಗ ಆಗತೈತಿ ಅಷ್ಟ.” ಆಮೇಲೆ ಮುಸುಕು ಹಾಕಿ ಮಲಗಿದಳು. ಅಳುತ್ತಿದ್ದಳೋ ಏನೋ, ಮುಸುಕು ತೆಗೆಯಲು ನನಗೆ ಧೈರ್ಯವಾಗಲಿಲ್ಲ.

ಶಿವಲೀಲಕ್ಕನಿಗೂ ಮಾಮಾನವರಿಗೂ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿಮ್ಮ ಮಾತ್ರೆ ತಪ್ಪಿಸಬೇಡಿರಿ.

ನಿಮ್ಮ ಸೊಸೆ,
ಪಂಪಾವತಿ

ತಾ.ಕ.: ಇವರು ಹೊರಟು ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಶನಿವಾರ ಮನೆಗೆ ಬಿಡುತ್ತಾರೆ. ನೋಡಲು ಬಂದವರೆಲ್ಲ ಹಣ್ಣು ಇಟ್ಟು, ಫೋನು ಬಾಟಲಿಯಿಂದಲೇ ಕೆಟ್ಟಳು ಎಂದು ಅವಳ ಎದುರಿಗೇ ಅಂದು ಹೋಗುತ್ತಾರೆ. ಹುಡುಗಿ ಗೋಡೆಯ ಕಡೆ ತಿರುಗುತ್ತಾಳೆ. ಈಗ ಕೇಳಿದಳು: “ಆಯಿ ಬಂದ್ರ ಅಕಿನೂ ಹಂಗ ಅಂತಾಳೇನಬೇ?” ಇಲ್ಲ, ಆಯಿ ಹಾಗೆ ಅನ್ನುವವಳಲ್ಲ ಎಂದು ನಿಮ್ಮ ಪರವಾಗಿ ನಾನು ಮಾತು ಕೊಟ್ಟಿದ್ದೇನೆ. ಅತ್ತೆಮ್ಮ, ಮನೆಗೆ ಬರ್ರಿ.