ಒಂದು ಕೂಗಳತೆ

ಅಮ್ಮಾ,

ಕಾಲೇಜಿನ ಮೊದಲ ಫಿಸಿಕ್ಸ್ ಕ್ಲಾಸಿನಲ್ಲೇ ನಿನ್ನ ಮಗಳು ಇವತ್ತು ನಗೆಪಾಟಲಾದಳು, ಕೇಳು. ಉದ್ದ ಅಳೆಯುವ ಯೂನಿಟ್ಟುಗಳನ್ನು ಹೇಳಿ ಅಂದರು ಮೇಷ್ಟ್ರು. ಎಲ್ಲರೂ ಮೀಟರು, ಕಿಲೋಮೀಟರು ಅನ್ನುತ್ತಿದ್ದರೆ ನನ್ನ ಬಾಯಿಂದ ‘ಕೂಗಳತೆ’ ಅಂತ ಬಂದುಬಿಟ್ಟಿತು. ಕ್ಲಾಸಿಗೆ ಕ್ಲಾಸೇ ಘೊಳ್ಳೆಂದಿತು.

ಮೇಷ್ಟ್ರು ಮಾತ್ರ ನಗಲಿಲ್ಲ. “ಯಾರ ಕೂಗು?” ಅಂದರು.

“ನಮ್ಮಮ್ಮಂದು ಸಾರ್. ಅವರು ಕರೆದ್ರೆ ಕೇಳ್ಸೋಷ್ಟು ದೂರದಲ್ಲೇ ನಾನು ಆಡ್ಬೇಕಿತ್ತು.”

“ಹಾಗಾದ್ರೆ ಅಳೆದೇ ಬಿಡೋಣ, ನಡೀರಿ!”

ಎಲ್ಲರೂ ಟೇಪು ಎಳೆಯುತ್ತಾ ಮೈದಾನದ ಆ ಕಡೆಗೆ ಓಡಿದರು. ನಾನು ಕೂಗಬೇಕು, ಕೇಳಿಸಿದರೆ ಅವರು ‘ಓ’ ಅಂದು ಇನ್ನಷ್ಟು ದೂರ ಸರಿಯಬೇಕು. ಏನಂತ ಕೂಗಲಿ? ಬೇರೇನೂ ತೋಚದೆ, ನೀನು ಮೆಟ್ಟಿಲ ಮೇಲೆ ನಿಂತು ಕರೆಯುತ್ತಿದ್ದ ಹಾಗೇ “ಗುಬ್ಬೀ!” ಅಂದೆ.

“ಓ!” ಅಂತ ಇಡೀ ಕ್ಲಾಸು ಓಗೊಟ್ಟಿತು. ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ಕೂಗಿದೆ. ನೂರೆಂಬತ್ತು ಮೀಟರು ದಾಟಿದ ಮೇಲೆ ‘ಓ’ ನಿಂತಿತು.

ವಾಪಸ್ಸು ಬಂದು ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆದರು. ನಾನು ಬಿಡುತ್ತೇನೆಯೇ? “ಅಮ್ಮಂದು ಇನ್ನೂ ಉದ್ದ ಸಾರ್!”

“ನೋಡಿ, ಒಬ್ಬೊಬ್ಬರ ಗಂಟಲಿಗೆ ಒಂದೊಂದು ಅಳತೆ ಆಗ್ಬಾರ್ದು ಅಂತಲೇ ಮೀಟರ್ ಇರೋದು. ಇರ್ಲಿ, ಅಮ್ಮನ್ನೂ ಒಂದಿನ ಕರ್ಕೊಂಡ್ಬಾ, ಅಳೆಯೋಣ.”

“ಆಗ್ಲಿ ಸಾರ್” ಅಂದುಬಿಟ್ಟೆ.

ನೀನು ಹೋದಮೇಲೆ ಆ ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಸಂಜೆ ಗೇಟಿನ ಹತ್ತಿರ ಹೊಸ ಗೆಳತಿಯೊಬ್ಬಳು ಹಿಂದಿನಿಂದ “ಗುಬ್ಬೀ!” ಎಂದು ಕೂಗಿದಳು.

ತಿರುಗಿ ನೋಡುವ ಮೊದಲೇ ನಾನು “ಬಂದೆ ಅಮ್ಮಾ” ಅಂದಾಗಿತ್ತು.