ಕಂಬಕ್ಕೆ ಹಚ್ಚಿದ ಎಣ್ಣೆ

ಹಳೇ ಹುಬ್ಬಳ್ಳಿ,
ಕಮರುದ್ದೀನ ಕಾಕಾನ ಕಟ್ಟಿಗೆ ಅಡ್ಡೆ,
೨೪ ನವೆಂಬರ್ ೨೦೨೪, ರವಿವಾರ

ಪ್ರೀತಿಯ ಮಗಳೇ ಸೌಮ್ಯಾ,

ಹೇಗಿದ್ದೀ? ಚಿಪ್ಪು ತಾಗಿ ಕೊಯ್ದುಕೊಂಡಿದ್ದ ಅಂಗೈ ಮಾಯಿತೋ ಇಲ್ಲವೋ? ಫೋನಿನಲ್ಲಿ ಕೇಳಿದರೆ ‘ಆರಾಮ ಐತಿ ಬಿಡವ್ವಾ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೀ. ದಿನಾ ಉಪ್ಪುನೀರಿನಲ್ಲಿ ಕೈಯಾಡಿಸಿದರೆ ಗಾಯ ಹೇಗೆ ಆರಾಮಾಗಬೇಕು? ಮಲಗುವ ಮುಂಚೆ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚು. ನೀನು ಎಷ್ಟು ಕಲಿತಿದ್ದೀ ಎಂದು ಗಾಯ ಕೇಳುವುದಿಲ್ಲ. ಅಳಿಯಂದಿರು ಹೇಗಿದ್ದಾರೆ? ಅಮರೇಶ ಅವರಿಗೆ ಕುಮಟೆಯ ಸೆಕೆ ಈಗಲಾದರೂ ಒಗ್ಗಿದೆಯೇ, ಕಾಲೇಜಿನಿಂದ ಬಂದವರು ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆಯೇ? ಇಲ್ಲಿ ನನ್ನ ಮೊಣಕಾಲು ಎಂದಿನಂತೆ ಮುನಿಸಿಕೊಂಡಿದೆ. ಅದನ್ನು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ಜಗಳವಾಡುವಷ್ಟು ಗಟ್ಟಿಯಾಗಿದ್ದೇನೆ, ಅದು ಮುಂದೆ ಓದಿದರೆ ನಿನಗೇ ತಿಳಿಯುತ್ತದೆ.

ಕಾಕಾನ ಹೆಂಡತಿ ಹಾಜರಾಬಿ ಅಡ್ಡೆಯ ಕಟ್ಟೆಯ ಮೇಲೆ ಚಾಪೆ ಹಾಸಿ, ಚಹಾ ಕೊಟ್ಟು, ‘ಗಂಡಸರು ಹೇರಲಿ, ನೀವು ಆರಾಮ ಕುಂತು ಬರೀರಿ ವೈನಿ’ ಎಂದು ಹೇಳಿ ಹೋಗಿದ್ದಾಳೆ. ಎದುರಿಗೆ ಲಾರಿ ತುಂಬುತ್ತಿದೆ. ಕಾಗದದ ಮೇಲೆ ಗರಗಸದ ಹೊಟ್ಟು ಬೀಳುತ್ತಿದೆ, ಊದಿ ಊದಿ ಬರೆಯುತ್ತಿದ್ದೇನೆ. ಈ ಪತ್ರ ಡ್ರೈವರ್ ಸಿದ್ಧಾರೂಢನ ಕೈಯಲ್ಲಿ, ಕಂಬಗಳ ಜೊತೆಗೇ ನಿನ್ನ ಬಾಗಿಲಿಗೆ ಬರುತ್ತದೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಕೇಳಿದ್ದ ಹಾಗೆಯೇ, ಗಾಳಿಮರದ ಕಂಬ, ತೊಗಟೆ ಸಮೇತ, ನೀನು ಹೇಳಿದ ಉದ್ದಕ್ಕೆ ಕೊಯ್ದದ್ದು, ಒಂದು ಹನಿ ಎಣ್ಣೆಯಿಲ್ಲ, ಬಣ್ಣವಿಲ್ಲ, ಡಾಂಬರಿಲ್ಲ. ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಗಿದೆ ನನಗೆ. ಈ ವಾರ ಏನಾಯಿತು ಎಂದು ನಿನಗೆ ಫೋನಿನಲ್ಲಿ ಹೇಳಲೇ ಇಲ್ಲ. ಹೇಳಿದ್ದರೆ ನೀನು ಅಲ್ಲಿ ಅನ್ನ ಬಿಡುತ್ತಿದ್ದೆ, ನಾನು ಇಲ್ಲಿ ನಿದ್ದೆ ಬಿಟ್ಟದ್ದು ಸಾಲದೇ?

ನಿಮ್ಮ ಅಪ್ಪಾಜಿಯ ಸಿಟ್ಟು ನಿನಗೆ ಗೊತ್ತೇ ಇದೆ. ಹೋದ ವರ್ಷದ ದೀಪಾವಳಿಗೆ ಬಂದವಳು ಊಟಕ್ಕೆ ಕುಳಿತು, ಕುಮಟೆಯ ಹೆಂಗಸರ ಜೊತೆ ಹೊಳೆಯಲ್ಲಿ ನೀಲಿಕಲ್ಲು ಬೆಳೆಸುತ್ತೇನೆ ಎಂದೆ. ನಾನು ಅದೇನೋ ಬಣ್ಣದ ಕಲ್ಲಿರಬೇಕು ಎಂದುಕೊಂಡು ಹೋಳಿಗೆ ಬಡಿಸುತ್ತಿದ್ದೆ. ಎರಡು ಚಿಪ್ಪಿನ ನಡುವೆ ಮಾಂಸವಿರುವ ಜೀವ, ಜನ ಬೇಯಿಸಿ ತಿನ್ನುತ್ತಾರೆ ಎಂದು ನೀನು ಬಿಡಿಸಿ ಹೇಳಿದ ಮೇಲೆ ಅವರು ಕೈ ತೊಳೆದು ಎದ್ದರು. ‘ಲಿಂಗಪೂಜಿ ಮಾಡೂ ಕೈಲೆ ಜೀವಾ ಮಾರತಿ ಏನು?’ ಎಂದದ್ದೇ ನಿನ್ನೊಡನೆ ಆಡಿದ ಕೊನೆಯ ಮಾತು. ಅವತ್ತಿನಿಂದ ನಿನ್ನ ಹೆಸರು ಎತ್ತಲಿಲ್ಲ, ನಿನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ. ನಾನೋ, ಒಣಗದ ಬಟ್ಟೆಯನ್ನೂ ಒಣಗಿದ ಬಟ್ಟೆಯನ್ನೂ ಎತ್ತಿಕೊಂಡು ಮಹಡಿಗೆ ಹೋಗಿ ನಿನ್ನ ಜೊತೆ ಮಾತಾಡುವುದನ್ನು ರೂಢಿ ಮಾಡಿಕೊಂಡೆ. ಸಪ್ತಾಪುರದಲ್ಲಿ ನಮ್ಮಷ್ಟು ಬಟ್ಟೆ ಒಗೆಯುವ ಮನೆ ಇನ್ನೊಂದಿಲ್ಲ ಎಂದು ಬಾಡಿಗೆಗಿರುವ ಹುಡುಗಿಯರು ನಗುತ್ತಿದ್ದರು.

ದಸರೆಯ ಮುಂದೆ ನೀನು ಅಳುತ್ತಾ ಫೋನು ಮಾಡಿದೆಯಲ್ಲ, ಅವತ್ತೇ ನಾನು ಗಟ್ಟಿ ಮನಸ್ಸು ಮಾಡಿದೆ. ನೀಲಿಕಲ್ಲಿನ ಹಗ್ಗ ಇಳಿಬಿಡಲು ಹೊಳೆಯಲ್ಲಿ ಕಟ್ಟುವ ಚಪ್ಪರಕ್ಕೆ ಕಂಬ ಸಿಗುತ್ತಿಲ್ಲ, ಗುಂಪಿನ ಹೆಂಗಸರು ದಂಡೆಯ ಕಾಂಡ್ಲಾ ಗಿಡವನ್ನೇ ಕಡಿಯೋಣ ಎನ್ನುತ್ತಿದ್ದಾರೆ, ಆ ಗಿಡದ ಬೇರಿನಲ್ಲೇ ಮೀನು ಸೀಗಡಿ ಮರಿ ಮಾಡುತ್ತವೆ, ಅದನ್ನು ಕಡಿದು ನಾನು ಯಾವ ಬೆಳೆ ಬೆಳೆಯಲಿ ಎಂದೆ. ಪ್ಲಾಸ್ಟಿಕ್ ಪೈಪು ಒಡೆದು ಹೊಳೆಯಲ್ಲೇ ಉಳಿಯುತ್ತದೆ, ನೆಟ್ಟು ಬೆಳೆಸಿದ ಮರವೇ ಬೇಕು, ಕಡಿದ ಜಾಗದಲ್ಲಿ ಮತ್ತೆ ನೆಡುವಂಥದ್ದು ಎಂದೆ. ನವೆಂಬರ್ ದಾಟಿದರೆ ಬಂಡೆಗೆ ಅಂಟಿದ ನೀಲಿಕಲ್ಲಿನ ಮರಿಗಳು ಸಿಗುವುದಿಲ್ಲ, ಗುಂಪು ಒಡೆದುಹೋಗುತ್ತದೆ ಎಂದೂ ಹೇಳಿದೆ. ನೆಟ್ಟು ಬೆಳೆಸಿದ ಗಾಳಿಮರ ನಮ್ಮ ಕಲಘಟಗಿ ರಸ್ತೆಯ ಹೊಲದಲ್ಲೇ ನಿಂತಿದೆಯಲ್ಲ! ಅದರಲ್ಲಿ ಅರ್ಧ ತೋಪನ್ನು ಅಪ್ಪಾಜಿ ಸೆಂಟ್ರಿಂಗ್ ಕಂಬಕ್ಕೆಂದು ಕಮರುದ್ದೀನ ಕಾಕಾನಿಗೆ ಕೊಡುವುದಾಗಿ ಮಾತು ಕೊಟ್ಟಾಗಿತ್ತು. ನಾನು ನೇರ ಕಾಕಾನ ಹತ್ತಿರ ಹೋಗಿ, ಅಣ್ಣಾ, ಇದು ಹುಬ್ಬಳ್ಳಿಯ ಕಟ್ಟಡಕ್ಕೆ ಬೇಡ, ಸೌಮ್ಯಾಳ ಹೊಳೆಗೆ ಹೋಗಲಿ, ಅವರಿಗೆ ಮಾತ್ರ ತಿಳಿಸಬೇಡ ಎಂದೆ. ಅವನು ಎದೆ ಮುಟ್ಟಿಕೊಂಡು ‘ನನ್ನ ಹೊಟ್ಟ್ಯಾಗ ಇಟ್ಟಿದ್ದು ಅಲ್ಲೇ ಇರತೈತಿ ವೈನಿ’ ಎಂದ. ಹೌದು, ನಂಬಿದೆ. ನಲವತ್ತು ವರ್ಷದ ಗೆಳೆತನದಲ್ಲಿ ಆ ಮನುಷ್ಯ ನಿಮ್ಮ ಅಪ್ಪಾಜಿಯಿಂದ ಒಂದು ಕೆಮ್ಮನ್ನೂ ಮುಚ್ಚಿಟ್ಟವನಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಈಗ ಗುರುವಾರದ ಮಾತು. ಕಂಬಗಳು ಕೊಯ್ದು ಸಿದ್ಧವಾಗಿವೆ ಎಂದು ಕಾಕಾ ಹೇಳಿ ಕಳಿಸಿದ್ದ. ನಾನು ಸಿದ್ಧಾರೂಢ ಸ್ವಾಮಿಗಳ ಮಠಕ್ಕೆ ಹೋಗಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಬಸ್ಸು ಹತ್ತಿ ಇಲ್ಲಿಗೆ ಬಂದೆ. (ಮಠಕ್ಕೂ ಹೋಗಿದ್ದೆ, ಸುಳ್ಳು ಹೇಳಿಲ್ಲ.) ಅಡ್ಡೆಯ ಬಾಗಿಲಲ್ಲೇ ಮೂಗಿಗೆ ವಾಸನೆ ಬಡಿಯಿತು. ನೋಡುತ್ತೇನೆ, ಸಾಲಾಗಿ ಒರಗಿಸಿಟ್ಟ ಅಷ್ಟೂ ಕಂಬಗಳ ಬುಡ ಕರ್ರಗೆ ಮಿಂಚುತ್ತಿದೆ. ಗ್ಯಾರೇಜಿನ ಸುಟ್ಟ ಎಣ್ಣೆ! ಮೊಣಕಾಲೆತ್ತರಕ್ಕೆ, ಎರಡೆರಡು ಸಲ ಬಳಿದದ್ದು. ಪಕ್ಕದಲ್ಲೇ ಡಬ್ಬಿ, ಡಬ್ಬಿಯಲ್ಲಿ ಕುಂಚ. ಕಾಕಾ ತಲೆ ತಗ್ಗಿಸಿ, ‘ಸಾವಕಾರ್ರು ತಾವs ಬಂದಿದ್ರು, ತಾವs ಹಚ್ಚಿದ್ರು, ನಾ ಹೆಂಗ ಬ್ಯಾಡ ಅನ್ನಲಿ’ ಎಂದ. ನಾನು ಅಲ್ಲೇ ದಿಮ್ಮಿಯ ಮೇಲೆ ಕುಳಿತೆ. ನಿಮ್ಮ ಅಪ್ಪಾಜಿಗೆ ಎಲ್ಲ ಗೊತ್ತಾಗಿದೆ, ಮಗಳ ಮೇಲಿನ ಸಿಟ್ಟಿಗೆ ಬೇಕೆಂದೇ ಕಂಬ ಕೆಡಿಸಿದ್ದಾರೆ ಎಂದೇ ತಿಳಿದೆ. ದೇವರಾಣೆ ಸೌಮ್ಯಾ, ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮನುಷ್ಯನ ಬಗ್ಗೆ ಅಷ್ಟು ಕೆಟ್ಟದ್ದನ್ನು ನಾನು ಎಂದೂ ಯೋಚಿಸಿರಲಿಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಬಾಯಿ ಬಿಟ್ಟೆ. ‘ಮಗಳ ಮ್ಯಾಲಿನ ಸಿಟ್ಟು ಮಗಳ ಮ್ಯಾಲೆ ತೀರಿಸ್ಕೋರಿ, ಆ ಹೆಣ್ಮಕ್ಕಳ ಕೂಳಿಗೆ ಯಾಕ ಮಣ್ಣ ಹಾಕತೀರಿ?’ ಎಂದು ಕೂಗಿದ್ದು ಬೀದಿಯ ತುದಿಗೆ ಕೇಳಿರಬೇಕು. ಅವರು ಪಡಸಾಲೆಯಲ್ಲಿ ಉಗುರು ಸಂದಿಯ ಕರಿ ಎಣ್ಣೆಯನ್ನು ಹಳೆಯ ಬಟ್ಟೆಯಿಂದ ಒರೆಸಿಕೊಳ್ಳುತ್ತಾ ಕುಳಿತಿದ್ದರು. ಕಣ್ಣು ಕಣ್ಣು ಬಿಟ್ಟು ನನ್ನನ್ನು ನೋಡಿದರು. ‘ಯಾರ ಕೂಳಿಗೆ ಮಣ್ಣ ಹಾಕೇನಿ? ನೆಲದಾಗಿನ ಕಂಬಾನs ಒರಲಿ ಹುಳ ತಿನ್ನದ ಬಿಡೂದಿಲ್ಲ, ಇದು ನೀರಾಗ ನಿಲ್ಲೂದು. ಲಗೂ ಹಾಳಾಗಬಾರದಂತ ನಾನs ಕುಂತು ಹಚ್ಚೇನಿ’ ಎಂದರು. ನಮ್ಮ ಹೊಲದ ಬೇಲಿಗೆ, ದನದ ಕೊಟ್ಟಿಗೆಗೆ, ಮಾವಿನ ತೋಟದ ಗೇಟಿಗೆ, ಇವರು ಎಲ್ಲಿ ಕಂಬ ನಿಲ್ಲಿಸಿದರೂ ಮೊದಲು ಬುಡಕ್ಕೆ ಸುಟ್ಟ ಎಣ್ಣೆ ಬಳಿದೇ ನಿಲ್ಲಿಸಿದವರು. ಪರರ ಕೆಲಸವಾಗಿದ್ದರೆ ಯಾರ ಕೈಯಿಂದಲೋ ಹಚ್ಚಿಸುತ್ತಿದ್ದರು. ಇದಕ್ಕೆ ತಾವೇ ಕುಂಚ ಹಿಡಿದಿದ್ದರು. ಕೇಡು ಮಾಡಿದ್ದಾರೆ ಎಂದು ನಾನು ಹೊಡೆದಾಡಲು ಬಂದರೆ ಮನುಷ್ಯ ಮಗಳಿಗೆ ಒಳ್ಳೆಯದನ್ನೇ ಮಾಡಿ ಕುಳಿತಿದ್ದ. ನನಗೆ ಅಳುವೂ ಬಂತು, ನಗುವೂ ಬಂತು.

ಆದರೆ ಒಳ್ಳೆಯ ಮನಸ್ಸಿನಿಂದ ಹಚ್ಚಿದ ಎಣ್ಣೆಯೂ ಎಣ್ಣೆಯೇ ಅಲ್ಲವೇ? ನೀನು ನನಗೆ ಹೇಳಿಕೊಟ್ಟದ್ದನ್ನು ಅವರೆದುರು ಕುಳಿತು ಹೇಳಿದೆ. ಆ ಜೀವಗಳಿಗೆ ಮೇವು ಹಾಕುವವರಿಲ್ಲ, ಹಗ್ಗಕ್ಕೆ ಅಂಟಿಕೊಂಡು ದಿನವಿಡೀ ಹೊಳೆಯ ನೀರು ಕುಡಿದು ಹೊರಗೆ ಬಿಡುತ್ತವೆ, ನೀರಿನಲ್ಲಿ ಇದ್ದದ್ದೇ ಅವುಗಳ ಅನ್ನ, ಎಣ್ಣೆ ಇದ್ದರೆ ಎಣ್ಣೆಯೂ ಒಳಗೆ ಹೋಗುತ್ತದೆ, ಮರಿಗಳು ಸಾಯುತ್ತವೆ, ಉಳಿದದ್ದನ್ನು ಯಾರೂ ಕೊಳ್ಳುವುದಿಲ್ಲ ಎಂದೆ. ಅವರು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು. ‘ಹಂಗಾರ ಅವು ಇದ್ದಲ್ಲೇ ಇದ್ದು ನೀರು ಸೋಸತಾವೇನು?’ ಎಂದು ಕೇಳಿದರು. ಹೌದು ಎಂದೆ. ‘ನನಗ ಯಾರರ ಹೇಳಬೇಕಿತ್ತಲ್ಲ’ ಎಂದರು. ಅದೂ ಖರೆಯೇ. ಕಾಕಾ ಗುಟ್ಟು ಬಿಟ್ಟುಕೊಟ್ಟಿದ್ದ, ಆದರೆ ಏನೂ ಹಚ್ಚಬಾರದು ಎಂಬ ಮಾತನ್ನು ಅವನಿಗೆ ನಾನು ಹೇಳಿಯೇ ಇರಲಿಲ್ಲ. ಕಟ್ಟಿಗೆ ಮಾರುವವನಿಗೆ ಕಂಬದ ಬಗ್ಗೆ ನಾನೇನು ಹೇಳುವುದು ಎಂದುಕೊಂಡಿದ್ದೆ.

ಮರುದಿನ ಪೂಜೆ ಮುಗಿಸಿದವರೇ, ನಾಷ್ಟಾ ಕೂಡ ಮಾಡದೆ, ಕಾಕಾನನ್ನು ಕರೆದುಕೊಂಡು ಹೊಲಕ್ಕೆ ಹೋದರು. ಉಳಿದ ಅರ್ಧ ತೋಪು ಯಾವುದು ಎಂದು ನಿನಗೆ ಗೊತ್ತು, ಪಡುವಣ ದಿಕ್ಕಿನದು, ನಮ್ಮ ಆಪೂಸ್ ಮಾವಿಗೆ ಗಾಳಿ ತಡೆಯುವುದು. ಕಾಕಾ ಎಷ್ಟು ಸಲ ಕೇಳಿದರೂ ‘ಅದನ್ನ ಮುಟ್ಟಬ್ಯಾಡ’ ಎಂದೇ ಹೇಳುತ್ತಿದ್ದವರು ತಾವೇ ನಿಂತು ಕಡಿಸಿದರು. ಮಾವು ಹೂ ಬಿಡುವ ಕಾಲಕ್ಕೆ ಗಾಳಿ ಬೀಸಿದರೆ ಏನು ಗತಿ ಎಂದು ನಾನು ಕೇಳಿದ್ದಕ್ಕೆ, ‘ಹೂ ಉದುರಿದ್ರ ಮುಂದಿನ ವರ್ಷ ಮತ್ತ ಬಿಡತಾವು. ಅಕೀ ಕೆಲಸ ಮುಂದಿನ ವರ್ಷದ ತನಕಾ ನಿಲ್ಲತೈತೇನು?’ ಎಂದರು. ಅಕೀ ಎಂದರು, ಸೌಮ್ಯಾ! ಹೆಸರು ಹೇಳಲಿಲ್ಲ, ಆದರೂ ಒಂದು ವರ್ಷದ ಮೇಲೆ ಅವರ ಬಾಯಲ್ಲಿ ನೀನು ಬಂದೆ. ಕಡಿದ ಜಾಗದಲ್ಲಿ ಹೊಸ ಸಸಿಗೆ ಗುಂಡಿ ತೋಡಿಸಿಯೇ ಮನೆಗೆ ಬಂದರು. ಎಣ್ಣೆ ಹಚ್ಚಿದ ಕಂಬಗಳನ್ನು ಕಾಕಾ ಯಾರದೋ ಹೊಲದ ಬೇಲಿಗೆ ಕೊಡುತ್ತಾನಂತೆ.

ಅಪ್ಪಾಜಿಯ ಇವತ್ತಿನ ಅವತಾರವನ್ನು ನೀನು ನೋಡಬೇಕಿತ್ತು. ಲಾರಿಯಲ್ಲಿ ಹಿಂದೆ ಏನು ಹೇರಿದ್ದರೋ ಎಂದು ಸಿದ್ಧಾರೂಢನಿಂದ ಅದನ್ನು ಉಜ್ಜಿ ಉಜ್ಜಿ ತೊಳೆಸಿದರು. ಹಮಾಲರು ಸಾಬೂನಿನಿಂದ ಕೈ ತೊಳೆಯದೆ ಕಂಬ ಮುಟ್ಟುವ ಹಾಗಿಲ್ಲ. ಒಂದೊಂದು ಕಂಬವನ್ನೂ ತಾವೇ ಮೂಸಿ ನೋಡಿಯೇ ಮೇಲೇರಿಸಲು ಬಿಡುತ್ತಿದ್ದಾರೆ. ‘ಸಾವಕಾರ್ರು ಅತ್ತರು ಖರೀದಿ ಮಾಡಾಕತ್ತಾರೇನು’ ಎಂದು ಹಮಾಲರು ನಗುತ್ತಿದ್ದಾರೆ. ಕಂಬಗಳ ನಡುವೆ ಒಂದು ಗಂಟು ಇದೆ, ಬಿಸಾಡಬೇಡ. ಮರಿಗಳನ್ನು ಹಗ್ಗಕ್ಕೆ ಸುತ್ತಲು ತೆಳುವಾದ ಹತ್ತಿ ಬಟ್ಟೆ ಬೇಕು, ಮರಿ ಹಗ್ಗ ಹಿಡಿಯುವಷ್ಟರಲ್ಲಿ ಅದು ತಾನೇ ಕೊಳೆತುಹೋಗಬೇಕು ಎಂದಿದ್ದೆಯಲ್ಲ. ಅಪ್ಪಾಜಿಯ ಹಳೆಯ ಧೋತರಗಳನ್ನು ಬಿಸಿನೀರಿನಲ್ಲಿ ಒಗೆದು ಕಟ್ಟಿದ್ದೇನೆ. ನೀಲಿ ಹಾಕಿಲ್ಲ.

ಅವರ ಮನಸ್ಸು ಪೂರಾ ಬದಲಾಗಿದೆ ಎಂದು ನಾನು ಬರೆಯುತ್ತಿಲ್ಲ. ನಿನ್ನೆಯೂ ‘ಜೀವಾ ಅಂದ್ರ ಜೀವಾನs’ ಎಂದರು. ನನಗೂ ಅದು ಹೌದೆನಿಸುತ್ತದೆ, ನಿನ್ನ ಮಾತು ಕೇಳಿದರೆ ಅದೂ ಹೌದೆನಿಸುತ್ತದೆ. ಇದನ್ನು ತೀರ್ಮಾನ ಮಾಡಲು ನನ್ನಿಂದಾಗದು. ನನಗೆ ಬೇಕಾದದ್ದು ನಿನ್ನ ಚಪ್ಪರ ಹೊಳೆಯಲ್ಲಿ ಗಟ್ಟಿಯಾಗಿ ನಿಲ್ಲುವುದು, ಆ ಹೆಂಗಸರು ಒಂದಾಗಿರುವುದು, ನೀನು ಮತ್ತೆ ಅಳುತ್ತಾ ಫೋನು ಮಾಡದಿರುವುದು. ಬಸವಣ್ಣ ನಿಮ್ಮಿಬ್ಬರ ಬಾಳನ್ನು ತಂಪಾಗಿಡಲಿ, ನೀನು ಹಿಡಿದ ಕೆಲಸ ಕೈಗೂಡಲಿ. ಅಮರೇಶ ಅವರಿಗೆ ನನ್ನ ಶರಣು, ಗುಂಪಿನ ಹೆಂಗಸರೆಲ್ಲರಿಗೂ ನೆನಪು ಹೇಳು.

ನಿನ್ನ ಅವ್ವ,
ದಾಕ್ಷಾಯಿಣಿ

ತಾ. ಕ.: ಸಿದ್ಧಾರೂಢ ಲಾರಿ ಚಾಲೂ ಮಾಡಿದ್ದಾನೆ, ಅವಸರದಲ್ಲಿ ಗೀಚುತ್ತಿದ್ದೇನೆ. ನನ್ನ ಜೊತೆ ಬಸ್ಸಿನಲ್ಲಿ ಮನೆಗೆ ಬರಬೇಕಿದ್ದ ನಿಮ್ಮ ಅಪ್ಪಾಜಿ ಹೋಗಿ ಡ್ರೈವರನ ಪಕ್ಕದಲ್ಲಿ ಕುಳಿತುಬಿಟ್ಟಿದ್ದಾರೆ! ‘ಇಳಸೂ ಮುಂದ ಯಾರರ ನೋಡಬೇಕಲ್ಲ’ ಅಂತೆ. ಮನೆಯ ಅಡುಗೆ ಬಿಟ್ಟರೆ ಪರವೂರಿನಲ್ಲಿ ನೀರೂ ಕುಡಿಯದ ಮನುಷ್ಯ. ಒಂದು ಗಳಿಗೆ ತಡೆಯಿರಿ, ಖಾನಾವಳಿಯಿಂದಲಾದರೂ ನಾಲ್ಕು ರೊಟ್ಟಿ ಬುತ್ತಿ ಕಟ್ಟಿಸಿಕೊಂಡು ಬರುತ್ತೇನೆ ಎಂದು ಓಡಿದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನೇ ಗದರಿಸಿದರು, ‘ಬುತ್ತಿ ಯಾಕ? ಮಗಳ ಮನಿಗೆ ಹೊಂಟೇನಿ.’ ಇದನ್ನು ಓದುತ್ತಾ ನಿಲ್ಲಬೇಡ ಸೌಮ್ಯಾ, ಒಲೆ ಹಚ್ಚು.