ಕೂರಲೊಲ್ಲದ ಪಾಚಿ

ಕೂಕಟ್‌ಪಲ್ಲಿ, ಹೈದರಾಬಾದ್
ಜೂನ್ ೯, ೨೦೨೪

ಪ್ರೀತಿಯ ಅಮ್ಮಾ, ನಿನ್ನ ಪ್ರಾಣ್ಯಾನ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ರಾಯಚೂರಿನ ಮಗಳ ಮನೆಯಲ್ಲಿ ಬಾವಿ ನೀರು ನೀನೇ ಸೇದುತ್ತೀಯಂತೆ. ನಿನ್ನ ಮಗಳು ಮಂದಾರ ಫೋನಿನಲ್ಲಿ ಚಾಡಿ ಹೇಳಿದಳು. ಮಡಿ ಉಳಿಯಲಿ, ಮೊಣಕಾಲೂ ಉಳಿಯಲಿ. ಇಲ್ಲಿ ನಾನು, ನಿನ್ನ ಸೊಸೆ ಹರ್ಷದಾ ಇಬ್ಬರೂ ಆರಾಮ.

ಅಮ್ಮಾ, ಗೆದ್ದೆವು! ನಮ್ಮ ನೀರಿನ ಪ್ಲಾಂಟಿನಿಂದ ಹೊರಡುವ ನೀರಿಗೆ ಈಗ ಹಸಿರು ಬಣ್ಣವೂ ಇಲ್ಲ, ಪಾಚಿಯ ವಾಸನೆಯೂ ಇಲ್ಲ. ಬೇಸಿಗೆಯಲ್ಲಿ ನಮ್ಮ ಮನೆಯ ನಳದ ನೀರು ಮೂಸಿ, "ನೀ ಶುದ್ಧ ಮಾಡಿದ ನೀರು ದೇವರ ಮುಂದ ಇಡಲಿಕ್ಕೆ ಬರಂಗಿಲ್ಲೋ ಪ್ರಾಣ್ಯಾ" ಎಂದು ಬಸ್ಸು ಹತ್ತಿದೆಯಲ್ಲ, ಆ ಮಾತು ಇಷ್ಟು ದಿನ ಮುಳ್ಳಿನಂತೆ ಚುಚ್ಚುತ್ತಿತ್ತು. ಕ್ಯಾನಿನ ನೀರು ಮಡಿಗೆ ಬಾರದು, ನಳದ್ದು ಮೂಗಿಗೆ ಬಾರದು. ನೀನಾದರೂ ಏನು ಮಾಡುತ್ತೀ?

ಪಟಿಕ ಹಾಕಿದರೆ ಮಣ್ಣು ತಳಕ್ಕೆ ಕೂರುತ್ತದೆ, ನಿನ್ನ ಕೊಡದಲ್ಲಿ ಕೂರುತ್ತಿದ್ದ ಹಾಗೆ. ಪಾಚಿ ಹಗುರ, ಕೂರಲೊಲ್ಲದು. ಅದಕ್ಕೇ ಹೊಸ ತೊಟ್ಟಿಯಲ್ಲಿ ಕೆಲಸವನ್ನೇ ತಲೆಕೆಳಗು ಮಾಡಿದ್ದೇವೆ. ಒತ್ತಡದಲ್ಲಿ ಗಾಳಿ ಕರಗಿಸಿದ ನೀರನ್ನು ತಳದಲ್ಲಿ ಬಿಟ್ಟರೆ ಹಾಲಿನಂತೆ ಬೆಳ್ಳಗೆ ಸಣ್ಣ ಗುಳ್ಳೆಗಳೆದ್ದು ಪಾಚಿಯನ್ನು ಹೊತ್ತು ಮೇಲೆ ತರುತ್ತವೆ. ನೀನು ಕುದಿಯುವ ಬೇಳೆಯ ನೊರೆ ತೆಗೆದಂತೆ ಮೇಲಿನಿಂದ ಅದನ್ನು ತೆಗೆದರಾಯಿತು. ತಿಳಿನೀರು ಕೆಳಗಿನಿಂದ ಹೊರಡುತ್ತದೆ. ಗಂಟೆಗಟ್ಟಲೆ ಕಾಯುತ್ತಿದ್ದದ್ದು ಈಗ ನಿಮಿಷಗಳಲ್ಲಿ ಮುಗಿಯುತ್ತದೆ.

ಮೊದಲ ದಿನದ ನನ್ನ ಫಜೀತಿ ಕೇಳು. ತೊಟ್ಟಿಯ ಮೇಲೆ ದಪ್ಪ ಕಂದು ನೊರೆ ಕಂಡು, ನೀರು ಕೆಟ್ಟೇಹೋಯಿತೆಂದು ಗಾಬರಿಯಲ್ಲಿ ಗಾಳಿ ನಿಲ್ಲಿಸಿಬಿಟ್ಟೆ. "ನೀರು ಕಲಕಬ್ಯಾಡ, ತಾನ ತಿಳಿ ಆಗ್ತದ" ಎಂದು ಬೆಳೆಸಿದವಳು ನೀನಲ್ಲವೇ! ಎದ್ದದ್ದೆಲ್ಲ ಮತ್ತೆ ಮುಳುಗಿ ನೀರು ರಾಡಿಯಾಯಿತು. ಜೊತೆಗೆ ಕೆಲಸ ಮಾಡುವ ಕಲಬುರಗಿಯ ಭಾಗ್ಯಶ್ರೀ, "ಸರ್, ಅದು ಮ್ಯಾಲೆ ಬರಲಿ ಅಂತನ ಅಲ್ರೀ ಇಷ್ಟೆಲ್ಲಾ ಮಾಡಿದ್ದು!" ಎಂದು ತಲೆ ಚಚ್ಚಿಕೊಂಡಳು. ಆ ನೀರನ್ನು ಊರಿಗೆ ಬಿಡದೆ ಚೆಲ್ಲಿ, ಮತ್ತೆ ಗಾಳಿ ಬಿಟ್ಟೆವು. ಸಂಜೆ ಗಾಜಿನ ಲೋಟದ ನೀರಿನಾಚೆ ನನ್ನ ಬೆರಳಿನ ಗೆರೆ ಕಂಡಾಗ ಹೋದ ಜೀವ ಬಂದಂತಾಯಿತು.

ಮಂದಾರಳಿಗೂ ಭಾವನವರಿಗೂ ನಮ್ಮ ನೆನಪು ತಿಳಿಸು. ನಮ್ಮಿಬ್ಬರ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ಮಗ,
ಪ್ರಾಣೇಶ

ತಾ.ಕ.: ಈ ಪತ್ರ ತರುವ ಪಕ್ಕದ ಮನೆಯ ವೆಂಕಟೇಶನ ಕೈಯಲ್ಲಿ ಒಂದು ಗಾಜಿನ ಬಾಟಲಿ ನೀರು ಕಳಿಸಿದ್ದೇನೆ. ಬಸ್ಸಿನಲ್ಲಿ ಬಂದದ್ದು, ಮಡಿಗೆ ಬರುವುದಿಲ್ಲ, ಗೊತ್ತು. ಬೆಳಕಿಗೆ ಹಿಡಿದು ನೋಡು, ಮೂಸು, ಆಮೇಲೆ ಗಿಡಕ್ಕೆ ಹಾಕು. ಕುಡಿಯುವುದಕ್ಕೆ ಇಲ್ಲಿಗೇ ಬರಬೇಕು. ದೇವರ ಮುಂದಿನ ತಂಬಿಗೆ ನೀನು ಬೋರಲು ಹಾಕಿ ಹೋದ ಹಾಗೆಯೇ ಇದೆ. ಬಂದು ತುಂಬು.